24 ತಾಸಿನ ಕೇರ್‌ಟೇಕರ್ ಮಲಗುವುದು ಯಾವಾಗ?

ಅಪ್ಪ-ಅವ್ವ ಗಂಗಾವತಿಯಲ್ಲಿರುವ ಓದುಗರೊಬ್ಬರ ಉದ್ದ ಪತ್ರದ ಸಾರ: “ಅಪ್ಪನಿಗೆ 78 ವರ್ಷ. ಎರಡು ತಿಂಗಳ ಹಿಂದೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿದೆ. ಊಟ ಬಾಯಿಂದಲೇ, ಆದರೆ ನೀರು ಕುಡಿದರೆ ಕೆಮ್ಮು ಬರುತ್ತದೆ. ನಾನು ಬೆಂಗಳೂರಿನಲ್ಲಿ, ತಮ್ಮ ಹೈದರಾಬಾದಿನಲ್ಲಿ. ಬೆಂಗಳೂರಿನ ಏಜೆನ್ಸಿಯೊಂದು ಮನೆಯಲ್ಲೇ ಉಳಿಯುವ 24 ತಾಸಿನ ಹೋಮ್ ನರ್ಸ್ ಕಳಿಸುತ್ತೇನೆ ಎನ್ನುತ್ತದೆ. ಅವ್ವ, ನಮ್ಮ ಓಣಿಯಲ್ಲೇ ಒಬ್ಬ ಹೆಣ್ಣುಮಗಳಿದ್ದಾಳೆ, ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದವಳು, ಆಕೆ ಸಾಕು ಎನ್ನುತ್ತಾಳೆ. ಯಾವುದು ಸರಿ?”

ಉತ್ತರ: ಅವ್ವ ಹೇಳಿದ್ದೇ ಸರಿ. ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ನಿಮ್ಮ ಪತ್ರದಲ್ಲಿ ಏಜೆನ್ಸಿಯ ಮಾತಿಗೆ ಎರಡು ಪುಟ, ಅವ್ವನ ಮಾತಿಗೆ ಎರಡು ಸಾಲು. ಹಾಗಾಗಿ ಬಿಡಿಸಿಯೇ ಹೇಳಬೇಕಾಗಿದೆ.

ಏಜೆನ್ಸಿಯ ಪರವಾಗಿ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡೋಣ. ಮೂಗಿನ ನಳಿಕೆಯಲ್ಲಿ ಆಹಾರ, ಗಂಟಲಿಗೆ ರಂಧ್ರ ಮಾಡಿ ಕೂರಿಸಿದ ಟ್ಯೂಬ್, ದಿನವೂ ಡ್ರೆಸ್ಸಿಂಗ್ ಬೇಡುವ ಆಳದ ಹುಣ್ಣು ಇದ್ದರೆ ಓದಿದ ನರ್ಸೇ ಬೇಕು. ಒಬ್ಬರು ಬಿಟ್ಟುಹೋದರೆ ಇನ್ನೊಬ್ಬರನ್ನು ಕಳಿಸುವ ಏಜೆನ್ಸಿ ಅಂಥ ಮನೆಗೆ ಆಸರೆ. ನಿಮ್ಮ ತಂದೆಗೆ ಇದಾವುದೂ ಇಲ್ಲ. ಮೇಲಾಗಿ ‘ಹೋಮ್ ನರ್ಸ್’ ಎಂದು ಬರುವವರೆಲ್ಲ ನರ್ಸ್ ಅಲ್ಲ. ನರ್ಸಿಂಗ್ ಕೋರ್ಸುಗಳಲ್ಲಿ ಎಎನ್ಎಂ ಎರಡು ವರ್ಷದ ಓದು, ಜಿಎನ್ಎಂ ಮೂರು, ಬಿ.ಎಸ್ಸಿ. ನರ್ಸಿಂಗ್ ನಾಲ್ಕು. ಓದಿ ಮುಗಿಸಿದವರ ಹತ್ತಿರ ರಾಜ್ಯ ನರ್ಸಿಂಗ್ ಕೌನ್ಸಿಲಿನ ನೋಂದಣಿ ಸಂಖ್ಯೆ ಇರುತ್ತದೆ. ಫೋನಿನಲ್ಲಿ ಅದನ್ನೇ ಕೇಳಿ. “ಒಳ್ಳೇ ಅನುಭವ ಇದೆ ಸರ್” ಎಂಬ ಉತ್ತರ ಬಂದರೆ ಬರುತ್ತಿರುವವರು ಅಟೆಂಡರ್ ಎಂದು ತಿಳಿಯಿರಿ. ಅಟೆಂಡರ್ ಕೆಲಸಕ್ಕೆ ಬೆಂಗಳೂರಿನಿಂದ ಜನ ತರಿಸಬೇಕೆ?

ಇನ್ನು ಆ ‘24 ತಾಸು’. ತಾನಾಗಿ ಹೊರಳಲಾಗದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಹಗಲೆಲ್ಲ ಎತ್ತಿ ಇಳಿಸಿ ತೊಳೆದ ಮನುಷ್ಯ ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಏಳಬೇಕು ಎಂದಾಯಿತು. ಯಾರ ಕೈಲಾಗುತ್ತದೆ? ಕೆಲವು ದಿನ ಏಳುತ್ತಾರೆ, ಆಮೇಲೆ ನಿದ್ದೆ ಗೆಲ್ಲುತ್ತದೆ. ಬೆನ್ನಿನ ಬುಡದ ಎಲುಬಿನ ಮೇಲೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗುತ್ತದೆ. ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಯಿತು ಎಂದರ್ಥ. ಆ ಜಾಗ ತಿಕ್ಕಬೇಡಿ, ಅದರ ಮೇಲೆ ಭಾರ ಬೀಳದಂತೆ ಮಲಗಿಸಿ. ನಡುವೆ ತೂತಿರುವ ಟ್ಯೂಬಿನಂಥ ದಿಂಬೂ ಬೇಡ; ಅದು ಸುತ್ತಲಿನ ರಕ್ತಸಂಚಾರವನ್ನೇ ತಡೆಯುತ್ತದೆ. ಏರ್ ಬೆಡ್ ಒಳ್ಳೆಯದೇ. ಆದರೆ ಅದಿದೆ ಎಂದು ಹೊರಳಿಸುವುದನ್ನು ಬಿಡುವಂತಿಲ್ಲ, ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಇನ್ವರ್ಟರ್ ಲೈನಿಗೆ ಹಾಕಿಸಿ. ನಮ್ಮ ಬೇಸಿಗೆಯಲ್ಲಿ ಬರೀ ರಬ್ಬರ್ ಶೀಟಿನ ಮೇಲೆ ಮಲಗಿಸಿದರೆ ಬೆವರಿಗೇ ಚರ್ಮ ಮೆತ್ತಗಾಗಿ ಸುಲಿಯುತ್ತದೆ, ಮೇಲೊಂದು ಹತ್ತಿಯ ಚಾದರ ಇರಲೇಬೇಕು.

ಹಾಗಾಗಿ ನಿಮಗೆ ಬೇಕಾದದ್ದು ಒಬ್ಬರಲ್ಲ, ಇಬ್ಬರು. ಹಗಲಿಗೆ ಓಣಿಯ ಆ ಅಕ್ಕ, ರಾತ್ರಿಗೆ ಒಬ್ಬ ಗಂಡಾಳು. ಬೆಳಿಗ್ಗೆ ಆತ ಹೋಗುವ ಮೊದಲು ಇಬ್ಬರೂ ಸೇರಿ ಸ್ನಾನ ಮುಗಿಸಲಿ. ನಿಮ್ಮ ತಂದೆಯ ಮರ್ಯಾದೆಯೂ ಉಳಿಯುತ್ತದೆ, ಅಕ್ಕನ ಸೊಂಟವೂ ಉಳಿಯುತ್ತದೆ. ವಾರಕ್ಕೊಮ್ಮೆ ಜಿಎನ್ಎಂ ಓದಿದವರೊಬ್ಬರು ಬಂದು ಬಿಪಿ, ಸಕ್ಕರೆ, ಚರ್ಮ ನೋಡಿ ಹೋದರೆ ಸಾಕು. ಫಿಸಿಯೊಥೆರಪಿಗೆ ಮಾತ್ರ ಜಿಪುಣತನ ಬೇಡ, ಮೊದಲ ಆರು ತಿಂಗಳು ಬಹಳ ಮುಖ್ಯ.

ಓಣಿಯವರೆಂದು ಬಾಯಿಮಾತಿಗೆ ಬಿಡಬೇಡಿ. ಡ್ಯೂಟಿಯ ಹೊತ್ತು, ವಾರದ ರಜೆ, ಸಂಬಳದ ತಾರೀಖು, ಊಟ ಯಾರದು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಮನೆಯ ಮುಸುರೆ, ಬಟ್ಟೆ ಆಕೆಯ ಕೆಲಸವಲ್ಲ ಎಂದೂ ಬರೆಯಿರಿ. ಜಗಳ ಹುಟ್ಟುವುದೇ ಅಲ್ಲಿ. ಆಧಾರ್ ಪ್ರತಿ ಇಟ್ಟುಕೊಳ್ಳಿ. ಇನ್ನೊಂದು, ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದರೆ ಗಂಗಾವತಿ ಸೀಮೆಯಲ್ಲಿ ಕೂಲಿ ಏರುತ್ತದೆ. ಆಗ ಆಕೆ ಹೊಲಕ್ಕೆ ಹೋದರೆ ಬೈಯಬೇಡಿ, ಮೊದಲೇ ಸಂಬಳ ಸರಿಯಾಗಿ ಕೊಡಿ. ಬದಲಿಗೆ ಬರುವ ಇನ್ನೊಬ್ಬರಿಗೂ ಕೆಲಸ ತೋರಿಸಿಟ್ಟಿರಿ.

ತೋರಿಸುವುದೆಂದರೆ ಏನು? ಬಲಗೈ ಹಿಡಿದು ಎಳೆದು ಎಬ್ಬಿಸಬಾರದು, ಭುಜದ ಕೀಲು ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಕುರ್ಚಿ ಎಡಕ್ಕಿರಲಿ, ಗಟ್ಟಿ ಇರುವ ಕಾಲಿನ ಕಡೆಗೆ. ಅಂಗಿ ತೊಡಿಸುವಾಗ ಬಲಗೈ ಮೊದಲು, ಬಿಚ್ಚುವಾಗ ಎಡಗೈ ಮೊದಲು. ಉಣಿಸುವಾಗ ನೆಟ್ಟಗೆ ಕೂರಿಸಿ, ಗದ್ದ ತುಸು ಕೆಳಗೆ, ತುತ್ತು ಎಡಗಡೆಯ ದವಡೆಗೆ. ನುಂಗಿದ್ದು ಕಂಡ ಮೇಲೆಯೇ ಮುಂದಿನ ಚಮಚ. ತಿಳಿನೀರಿಗೆ ಕೆಮ್ಮುವವರು ಗಂಜಿಯಂಥ ಮಂದ ಪದಾರ್ಥವನ್ನು ಸಾಮಾನ್ಯವಾಗಿ ಸಲೀಸಾಗಿ ನುಂಗುತ್ತಾರೆ, ಎಷ್ಟು ಮಂದವಿರಬೇಕೆಂದು ವೈದ್ಯರನ್ನು ಕೇಳಿ. ಒಣ ರೊಟ್ಟಿ ಈಗ ಬೇಡವೇ ಬೇಡ. ಊಟವಾದ ಮೇಲೆ ಬಲಗೆನ್ನೆಯೊಳಗೆ ಬೆರಳಾಡಿಸಿ ನೋಡಿದರೆ ಉಳಿದ ಅನ್ನ ಸಿಗುತ್ತದೆ. ಅದು ಅಲ್ಲೇ ಇದ್ದು, ಮಲಗಿದಾಗ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಊಟದ ನಂತರ ಅರ್ಧ ತಾಸು ಕೂತೇ ಇರಲಿ.

ಇದನ್ನೆಲ್ಲ ಹೇಳಿಕೊಡಬೇಕಾದವರು ಯಾರು? ಬಿಡುಗಡೆಯ ದಿನ ಆಸ್ಪತ್ರೆಯವರು ಇಂಗ್ಲಿಷಿನ ಮೂರು ಹಾಳೆ ಕೊಡುತ್ತಾರೆ, ಬಿಲ್ಲಿನ ಲೆಕ್ಕ ಎರಡು ಸಲ ಒಪ್ಪಿಸುತ್ತಾರೆ. ಹೊರಳಿಸುವುದು ಹೇಗೆಂದು ಒಂದು ಸಲವೂ ತೋರಿಸುವುದಿಲ್ಲ. 2007ರ ಹಿರಿಯ ನಾಗರಿಕರ ಕಾಯಿದೆ ‘ಪೋಷಣೆ’ ಎಂದರೆ ಅನ್ನ, ಬಟ್ಟೆ, ವಸತಿ, ಚಿಕಿತ್ಸೆ ಎನ್ನುತ್ತದೆ. ನಡುರಾತ್ರಿ ಮಗ್ಗುಲು ಬದಲಿಸುವವರ ಕೂಲಿಯ ಮಾತು ಅದರಲ್ಲಿಲ್ಲ. 70 ತುಂಬಿದವರಿಗೆ 2024ರಲ್ಲಿ ಬಂದ ಆಯುಷ್ಮಾನ್ ವಯ ವಂದನ ಕಾರ್ಡಿನ ಐದು ಲಕ್ಷ ಆಸ್ಪತ್ರೆಯ ಹಾಸಿಗೆಗೆ, ಮನೆಯ ಹಾಸಿಗೆಗಲ್ಲ. ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. ಹಾಸಿಗೆ ಹಿಡಿದವರ ಮನೆಗೆ ಸಮುದಾಯ ಆರೋಗ್ಯ ಕೇಂದ್ರದಿಂದ ಪುನಶ್ಚೇತನ ಕಾರ್ಯಕರ್ತರು ಹೋಗಿ ಮನೆಯವರಿಗೆ ಕಲಿಸಬೇಕೆಂದು ಅದರ ಮಾರ್ಗಸೂಚಿಯಲ್ಲೇ ಬರೆದಿದೆ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಗಂಗಾವತಿಗೆ ಯಾರು ಬರುತ್ತಾರೆ ಎಂದು ಕೇಳಿ. ಹತ್ತು ಜನ ಕೇಳಿದರೆ ಯಾರಾದರೂ ಬಂದಾರು.

ಕೊನೆಗೊಂದು ಆಕ್ಷೇಪ. ಇಷ್ಟುದ್ದದ ಪತ್ರದಲ್ಲಿ ಅವ್ವನ ವಯಸ್ಸು ಬರೆದಿಲ್ಲ, ಮೊಣಕಾಲು ಹೇಗಿದೆ ಎಂದೂ ಬರೆದಿಲ್ಲ. ಈ ಎರಡು ತಿಂಗಳು ಅಪ್ಪನನ್ನು ಹೊರಳಿಸಿದ್ದು ಆಕೆಯೇ ತಾನೆ? ಮುಂದಿನ ಸಲ ತಂದೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಅವ್ವನನ್ನೂ ತಪಾಸಣೆ ಮಾಡಿಸಿ. ಹಗಲಿನ ಅಕ್ಕನನ್ನೂ ಜೊತೆಗೆ ಕರೆದೊಯ್ದು, ಫಿಸಿಯೊಥೆರಪಿಸ್ಟರ ಎದುರು ಆಕೆಯ ಕೈಯಿಂದಲೇ ಹೊರಳಿಸಿ, ಕೂರಿಸಿ ನೋಡಿ. ಅದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ರಾತ್ರಿಯಾಳಿಗೆ ತೋರಿಸಲು ಬೇಕಾಗುತ್ತದೆ.