ಅಮೆರಿಕದ ರಾಜ್ಯಗಳು ಕೇಂದ್ರದ ಸೇನಾ ನೆಲೆಗಳಿಗೆ ತಮ್ಮ ದುಡ್ಡು ಯಾಕೆ ಹಾಕುತ್ತವೆ?

ನೆಲೆ ಮುಚ್ಚಿದರೆ ಊರಿನ ಕೆಲಸ, ಬಾಡಿಗೆ, ತೆರಿಗೆ ಎಲ್ಲಕ್ಕೂ ಒಟ್ಟಿಗೆ ಪೆಟ್ಟು ಬೀಳುತ್ತದೆ, ಅದಕ್ಕೆ. ನೆಲೆ ಕೇಂದ್ರದ್ದಾದರೂ ಬೇಲಿಯಾಚೆಗಿನ ರಸ್ತೆ, ಕಟ್ಟಡ ಪರವಾನಗಿ ರಾಜ್ಯ ಮತ್ತು ನಗರಾಡಳಿತದ ಕೈಯಲ್ಲಿರುತ್ತವೆ.

1988ರಿಂದ 2005ರವರೆಗೆ ಐದು ಸುತ್ತುಗಳಲ್ಲಿ ಕೇಂದ್ರ ನೇಮಿಸಿದ ಆಯೋಗಗಳು ಮುಚ್ಚಬೇಕಾದ ನೆಲೆಗಳ ಪಟ್ಟಿ ಕೊಟ್ಟವು. ಆ ಪಟ್ಟಿಯನ್ನು ಸಂಸತ್ತು ಇಡಿಯಾಗಿ ತಿರಸ್ಕರಿಸಬಹುದು, ‘ನಮ್ಮೂರಿನದೊಂದು ಬಿಡಿ’ ಅನ್ನುವಂತಿಲ್ಲ. ಹಾಗಾಗಿ ಕೊನೆಗಳಿಗೆಯ ವಶೀಲಿ ನಡೆಯುವುದಿಲ್ಲ. ನೆಲೆ ಸೇನೆಗೆ ಉಪಯುಕ್ತವಾಗಿ ಉಳಿಯುವಂತೆ ಮೊದಲೇ ನೋಡಿಕೊಳ್ಳಬೇಕು.

ವರ್ಜೀನಿಯಾ ರಾಜ್ಯದ ವರ್ಜೀನಿಯಾ ಬೀಚ್ ನಗರದ ಓಷಿಯಾನಾ ನೌಕಾ ವಾಯುನೆಲೆಯನ್ನೇ ನೋಡಿ. ಮನೆಗಳು ರನ್‌ವೇ ಹತ್ತಿರಕ್ಕೇ ಬೆಳೆದಿದ್ದವು. ವಿಮಾನ ಬೀಳುವ ಅಪಾಯ ಹೆಚ್ಚಿರುವ ಅಪಘಾತ ವಲಯದಲ್ಲಿ ಮನೆ ಕಟ್ಟುವುದನ್ನು ನಿಲ್ಲಿಸದಿದ್ದರೆ ಯುದ್ಧವಿಮಾನಗಳು ಫ್ಲಾರಿಡಾದ ಹಳೆಯ ನೌಕಾ ವಾಯುನೆಲೆ ಸೆಸಿಲ್ ಫೀಲ್ಡ್‌ಗೆ ಹೋಗಬಹುದು ಎಂದು 2005ರ ಆಯೋಗ ಎಚ್ಚರಿಸಿತು. ರಾಜ್ಯ, ನಗರ ಎರಡೂ ಸೇರಿ ವರ್ಷಕ್ಕೆ ಸುಮಾರು 1.5 ಕೋಟಿ ಡಾಲರ್ ತೆಗೆದಿಟ್ಟು ಅಲ್ಲಿನ ಜಾಗ ಕೊಳ್ಳತೊಡಗಿದವು. ಅದೃಷ್ಟವೂ ಕೈಹಿಡಿಯಿತು ಅನ್ನಿ: 2006ರಲ್ಲಿ ಸೆಸಿಲ್ ಇರುವ ಜಾಕ್ಸನ್‌ವಿಲ್ ನಗರದ ಮತದಾರರೇ ಅಲ್ಲಿ ನೌಕಾಪಡೆಯ ವಿಮಾನ ಬೇಡ ಅಂದರು. ಓಷಿಯಾನಾ ಮುಚ್ಚಲಿಲ್ಲ. ಸದ್ದಿನ ಬಗ್ಗೆ ಅಕ್ಕಪಕ್ಕದವರ ದೂರೂ ನಿಂತಿಲ್ಲ.