ಏಳು ಕಂಪ್ಯೂಟರಿನ ಕಚೇರಿಗೆ ಎಂಥ ಸರ್ವರ್ ಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ತೆರಿಗೆ ಸಲಹೆಯ ಕಚೇರಿ. ಏಳು ಕಂಪ್ಯೂಟರ್‌ಗಳಿವೆ. ಕ್ಲೈಂಟ್‌ಗಳ ಫೈಲುಗಳೆಲ್ಲ ಹಿರಿಯ ಅಕೌಂಟೆಂಟ್ ಒಬ್ಬರ ಕಂಪ್ಯೂಟರಿನಲ್ಲಿವೆ. ಉಳಿದವರು ಶೇರ್ ಫೋಲ್ಡರಿನಿಂದ ತೆರೆಯುತ್ತೇವೆ. ಅವರು ರಜೆ ಹಾಕಿದ ದಿನ ಕೆಲಸವೇ ಸಾಗುವುದಿಲ್ಲ. ಅಂಗಡಿಯವರು ವಿಂಡೋಸ್ ಸರ್ವರ್ ಇರುವ ದೊಡ್ಡ ಯಂತ್ರವನ್ನೇ ಕೊಳ್ಳಿ ಎನ್ನುತ್ತಿದ್ದಾರೆ. ಅದು ಬೇಕೇ?

ಉತ್ತರ: ಬೇಡ. ಫೈಲು ಹಂಚಿಕೊಳ್ಳುವುದಷ್ಟೇ ಆದರೆ ಎರಡು ಹಾರ್ಡ್ ಡಿಸ್ಕ್ ಹಿಡಿಸುವ ನ್ಯಾಸ್ ಪೆಟ್ಟಿಗೆ, ಅಂದರೆ ಎಲ್ಲರೂ ನೆಟ್‌ವರ್ಕಿನಿಂದ ಫೈಲು ತೆರೆಯಬಹುದಾದ ಡಿಸ್ಕ್ ಪೆಟ್ಟಿಗೆ, ಸಾಕು. ವಿಂಡೋಸ್ ಸರ್ವರ್ ತಂದರೆ ಲೈಸೆನ್ಸಿಗೆ ಬೇರೆ ದುಡ್ಡು, ನೋಡಿಕೊಳ್ಳಲು ಬಲ್ಲವರು ಬೇರೆ. ಟ್ಯಾಲಿಯನ್ನು ಹಲವರು ಒಟ್ಟಿಗೆ ಬಳಸುತ್ತಿದ್ದರೆ ಮಾತ್ರ, ಅದರ ಡೇಟಾವನ್ನು ನ್ಯಾಸ್‌ಗೆ ಸಾಗಿಸುವ ಮುನ್ನ ಟ್ಯಾಲಿ ಹಾಕಿಕೊಟ್ಟವರನ್ನು ಕೇಳಿ.

ಎರಡು 4 ಟಿಬಿ ಡಿಸ್ಕ್ ಹಾಕಿ ರೇಡ್ 1 (ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುವ ಜೋಡಣೆ) ಮಾಡಿಸಿದರೆ ನಿಮಗೆ ಸಿಗುವ ಜಾಗ 4 ಟಿಬಿಯೇ. ಡಿಸ್ಕ್ ನ್ಯಾಸ್‌ಗೆಂದೇ ತಯಾರಾದ ಸಿಎಂಆರ್ (ಡೇಟಾದ ಸಾಲುಗಳು ಒಂದರ ಮೇಲೊಂದು ಹಾಯದಂತೆ ಬರೆಯುವ) ಬಗೆಯದಿರಲಿ.

ಇಲ್ಲಿ ಬಹಳ ಜನ ಎಡವುತ್ತಾರೆ. ರೇಡ್ 1 ಬ್ಯಾಕಪ್ ಅಲ್ಲ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ, ಅಷ್ಟೇ. ನಾನು ಕಂಡ ಕಚೇರಿಯೊಂದರಲ್ಲಿ ಮಾರ್ಚ್ ಕೊನೆಯ ಗಡಿಬಿಡಿಯಲ್ಲಿ ಹೊಸ ಹುಡುಗನೊಬ್ಬ ಇಡೀ ವರ್ಷದ ಫೋಲ್ಡರ್ ಅಳಿಸಿಬಿಟ್ಟ. ಎರಡೂ ಡಿಸ್ಕಿನಿಂದ ಅದೇ ಕ್ಷಣ ಮಾಯ. ಪಾಪ, ಅವನನ್ನು ಬೈದು ಏನು ಬಂತು? ಅಳಿಸುವ ಹಕ್ಕನ್ನು ಅವನ ಲಾಗಿನ್‌ಗೆ ಕೊಡಲೇಬಾರದಿತ್ತು. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಸಾಫ್ಟ್‌ವೇರ್) ಕಥೆಯೂ ಇದೇ: ಸೋಂಕು ತಗುಲಿದ ಕಂಪ್ಯೂಟರಿಗೆ ಬರೆಯುವ ಹಕ್ಕಿರುವ ಶೇರ್ ಫೋಲ್ಡರ್‌ಗಳಿಗೂ ಅದು ಬೀಗ ಹಾಕುತ್ತದೆ. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈ ನೆನಪಿರಬಹುದು. ಅದು ವಿಂಡೋಸಿನಲ್ಲಿ ಫೈಲು ಹಂಚುವ ಹಳೆಯ ವಿಧಾನವಾದ ಎಸ್‌ಎಂಬಿ 1ರ ದೋಷವನ್ನೇ ಹಿಡಿದು ನುಗ್ಗಿತ್ತು. ಎಸ್‌ಎಂಬಿ 1 ಅನ್ನು ಆಫ್ ಮಾಡಿಸಿ.

ಹಾಗಾಗಿ ಸ್ನ್ಯಾಪ್‌ಶಾಟ್ (ಫೈಲುಗಳ ಹಿಂದಿನ ಸ್ಥಿತಿಯನ್ನು ಹಿಡಿದಿಟ್ಟು ಬೇಕಾದಾಗ ಮರಳಿಸುವ) ಸೌಲಭ್ಯವಿರುವ ಮಾಡೆಲ್ಲನ್ನೇ ಕೇಳಿ ಕೊಳ್ಳಿ. ತೀರಾ ಅಗ್ಗದ ಕೆಲವು ಮಾಡೆಲ್‌ಗಳಲ್ಲಿ ಅದಿರುವುದಿಲ್ಲ. ಜೊತೆಗೆ ಬ್ಯಾಕಪ್‌ಗೆಂದು ಎರಡು ಯುಎಸ್‌ಬಿ ಡಿಸ್ಕ್ ತನ್ನಿ. ವಾರ ಬಿಟ್ಟು ವಾರ ಬದಲಾಯಿಸುತ್ತ, ಒಂದನ್ನು ಸದಾ ಮನೆಯಲ್ಲಿಡಿ.

ಕಂಪ್ಯೂಟರ್‌ಗಳ ನೆಟ್‌ವರ್ಕ್ ಕೇಬಲ್ಲುಗಳೆಲ್ಲ ಸೇರುವ ನಿಮ್ಮ ಸ್ವಿಚ್ಚಿನ ಹಿಂದೆ ಏನು ಬರೆದಿದೆ ನೋಡಿ. 10/100 ಎಂದಿದ್ದರೆ ಸೆಕೆಂಡಿಗೆ ಹನ್ನೊಂದು ಎಂಬಿ ಸಾಗಿದರೆ ಹೆಚ್ಚು. ಗಿಗಾಬಿಟ್ ಸ್ವಿಚ್ಚಿನಲ್ಲಿ ನೂರು ದಾಟುತ್ತದೆ. ಕರೆಂಟ್ ಹೋದಾಗ ನ್ಯಾಸ್ ತಾನೇ ಸರಿಯಾಗಿ ಆಫ್ ಆಗುವಂತೆ ಯುಪಿಎಸ್‌ಗೆ ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ. ಮನೆಯಿಂದ ಫೈಲು ಬೇಕೆಂದು ರೂಟರಿನಲ್ಲಿ ಪೋರ್ಟ್ (ಇಂಟರ್ನೆಟ್ಟಿನಿಂದ ಒಳಬರುವ ದಾರಿ) ತೆರೆಯಬೇಡಿ, ವಿಪಿಎನ್ (ಕಚೇರಿಗೆ ಸುರಕ್ಷಿತ ಖಾಸಗಿ ಸಂಪರ್ಕ) ಹಾಕಿಸಿ.

ಎಲ್ಲ ಕೂಡಿಸಿದ ಮೊದಲ ವಾರದಲ್ಲೇ ಯುಎಸ್‌ಬಿ ಡಿಸ್ಕಿನಿಂದ ಯಾವುದಾದರೂ ಒಂದು ಫೈಲನ್ನು ವಾಪಸ್ ತೆಗೆದು, ಅದು ತೆರೆಯುತ್ತದೆಯೇ ಎಂದು ಕಣ್ಣಾರೆ ನೋಡಿ. ಹಿರಿಯ ಅಕೌಂಟೆಂಟರ ಕಂಪ್ಯೂಟರಿನಲ್ಲಿರುವ ಫೋಲ್ಡರನ್ನು ಅಲ್ಲಿಯವರೆಗೆ ಅಳಿಸಬೇಡಿ.