ಮಗನನ್ನು ಎಲ್ಲಿಗೆ ಕಳಿಸಲಿ?

ಪ್ರಶ್ನೆ: ಮಗನಿಗೆ ಮೂರು ವರ್ಷ ತುಂಬಿತು. ಮನೆಮಾತು ತುಳು, ಕನ್ನಡವೂ ಅವನಿಗೆ ಅರ್ಥವಾಗುತ್ತದೆ. ಹತ್ತಿರದ ಅಂಗನವಾಡಿ ಟೀಚರಿಗೆ ಮಲಯಾಳ ಮಾತ್ರ ಬರುವುದು. ತೋಡಿನ ಆಚೆಯ ಅಂಗನವಾಡಿಯಲ್ಲಿ ಕನ್ನಡ ಟೀಚರ್ ಇದ್ದಾರೆ. ಪೇಟೆಯ ಸರಕಾರಿ ಕಿರಿಯ ಪ್ರಾಥಮಿಕ, ಅಂದರೆ ಎಲ್‌ಪಿ ಶಾಲೆಯಲ್ಲಿ ಪ್ರೀ-ಪ್ರೈಮರಿ ಇದೆ. ಗೋಡೆ ತುಂಬ ಚಿತ್ರ, ಬೇಕಾದಷ್ಟು ಆಟದ ಸಾಮಾನು. ನನ್ನವರಿಗೆ ಅಲ್ಲಿಗೇ ಮನಸ್ಸು. ಯಾವುದು ಒಳ್ಳೆಯದು?
– ಒಬ್ಬ ತಾಯಿ, ಮಂಜೇಶ್ವರ ತಾಲೂಕು, ಕೇರಳ

ಉತ್ತರ: ಗೋಡೆಯ ಚಿತ್ರಕ್ಕೆ ಮರುಳಾಗಬೇಡಿ ತಂಗಿ. ಸರಕಾರದ ಶಾಲಾ ಕಾರ್ಯಕ್ರಮವಾದ ಸಮಗ್ರ ಶಿಕ್ಷಾದವರ ‘ವರ್ಣಕೂಡಾರಂ’ ಯೋಜನೆಯಿಂದ ಈಚೆಗೆ ಹಲವು ಶಾಲೆಗಳ ಪ್ರೀ-ಪ್ರೈಮರಿಗೆ ಬಣ್ಣ ಬಂದಿದೆ. ಒಳ್ಳೆಯದೇ. ಆದರೆ ಆ ಆಟದ ಸಾಮಾನು ಮಕ್ಕಳ ಕೈಯಲ್ಲಿದೆಯೋ ಕಪಾಟಿನಲ್ಲಿದೆಯೋ? ಪ್ರವೇಶೋತ್ಸವದ ದಿನ ಹೋದರೆ ಬಲೂನು, ಮಿಠಾಯಿ ಕಾಣುತ್ತದೆ ಅಷ್ಟೆ. ಯಾವುದಾದರೂ ಬುಧವಾರ ಹನ್ನೊಂದು ಗಂಟೆಗೆ ಹೋಗಿ, ಸುಮ್ನೆ ಒಂದು ಮೂಲೆಯಲ್ಲಿ ಕೂತು ನೋಡಿ.

ಮೂರು ವರ್ಷದ ಮಕ್ಕಳು ಪೆನ್ಸಿಲ್ ಹಿಡಿದು ಎಬಿಸಿಡಿ ತಿದ್ದುತ್ತಿದ್ದರೆ ನನಗಂತೂ ಹಿಡಿಸದು. ನಾನು ಒಂದನೇ ತರಗತಿಗೆ ಪಾಠ ಮಾಡಿದವಳು. ಅಕ್ಷರ ಕಲಿತು ಬಂದವರಿಗಿಂತ, ಬಾಯಿಬಿಟ್ಟು ಕಥೆ ಹೇಳಬಲ್ಲ ಮಕ್ಕಳೇ ಮುಂದೆ ಸಲೀಸಾಗಿ ಓದಿದ್ದನ್ನು ಕಂಡಿದ್ದೇನೆ.

ಅದಕ್ಕೇ ಭಾಷೆಯ ಮಾತು ಮುಖ್ಯ. ಉಚ್ಚೆ ಬಂತು, ಹೊಟ್ಟೆ ನೋವು, ಅವನು ಹೊಡೆದ – ಇದಿಷ್ಟನ್ನು ಮಗು ತನ್ನ ಮಾತಿನಲ್ಲೇ ಹೇಳಬೇಕು, ಕೇಳಿ ಅರ್ಥ ಮಾಡಿಕೊಳ್ಳುವವರು ಅಲ್ಲಿರಬೇಕು. ಟೀಚರನ್ನು ಮಾತ್ರ ವಿಚಾರಿಸಿ ಬಂದಿದ್ದೀರಿ, ಹೆಲ್ಪರ್ ಯಾರು? ಹೆಚ್ಚಾಗಿ ಆಸುಪಾಸಿನವರೇ ಇರುತ್ತಾರೆ. ಅನ್ನ ಬಡಿಸುವವರು, ಕೈ ತೊಳೆಸುವವರು ಅವರೇ. ಅವರಿಗೆ ತುಳು ಬಂದರೆ ನಿಮ್ಮ ಅರ್ಧ ಚಿಂತೆ ಕಳೆಯಿತು.

ಅಂಗನವಾಡಿಯೆಂದರೆ ಬರೀ ಪಾಠದ ಜಾಗವೂ ಅಲ್ಲ. 1975ರಲ್ಲಿ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾದಾಗಲೇ ಊಟ, ಚುಚ್ಚುಮದ್ದು, ಆರೋಗ್ಯ ತಪಾಸಣೆ ಎಲ್ಲ ಅದಕ್ಕೆ ಸೇರಿತ್ತು. ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲರಿಯ ಆಹಾರ ಕೊಡಬೇಕೆಂಬ ಲೆಕ್ಕವಿದೆ. ಬಿರಿಯಾನಿ ಬೇಕೆಂದು ಪುಟ್ಟ ಹುಡುಗನೊಬ್ಬ ಕೇಳಿದ ವಿಡಿಯೋ ಓಡಾಡಿ, 2025ರಲ್ಲಿ ಕೇರಳದ ಅಂಗನವಾಡಿ ಮೆನುವಿಗೆ ಮೊಟ್ಟೆ ಬಿರಿಯಾನಿಯೇ ಸೇರಿತು ಅಲ್ವಾ! ನೀವು ಹೋದ ದಿನ ಪಾತ್ರೆಯಲ್ಲಿ ಏನಿದೆ ಎಂದೂ ಇಣುಕಿ. ಮಕ್ಕಳ ತೂಕ ಬರೆದಿಡುವ ಪುಸ್ತಕ ಕೇಳಿ. ಮೂರು ತಿಂಗಳಿಂದ ಖಾಲಿಯಿದ್ದರೆ ಅಲ್ಲಿನ ಕೆಲಸ ಹೇಗೆಂದು ಗೊತ್ತಾಗುತ್ತದೆ.

ಶಾಲೆಯ ಪ್ರೀ-ಪ್ರೈಮರಿಯನ್ನು ಎಷ್ಟೋ ಕಡೆ ಪಿಟಿಎ (ಶಿಕ್ಷಕ-ರಕ್ಷಕ ಸಂಘ) ನಡೆಸುತ್ತದೆ. ಫೀಸು ಎಷ್ಟೆಂದು ಮೊದಲೇ ಕೇಳಿಕೊಳ್ಳಿ. ಅಲ್ಲಿ ಕನ್ನಡವೋ ಮಲಯಾಳವೋ ಎಂದು ನೀವು ಬರೆದೇ ಇಲ್ಲ! ನಿಮ್ಮವರೂ ಕೇಳಿರಲಿಕ್ಕಿಲ್ಲ.

ಇನ್ನು ತೋಡಿನ ಆಚೆಯದ್ದು. ಮೋರಿಯೋ ಸೇತುವೆಯೋ ಇದ್ದರೆ ಕಣ್ಣುಮುಚ್ಚಿ ಅಲ್ಲಿಗೇ ಕಳಿಸಿ. ಅಡಿಕೆ ಮರದ ಸಂಕವಾದರೆ ಬೇಡ. ಜೂನ್, ಜುಲೈಯಲ್ಲಿ ದಿನಾ ಎತ್ತಿಕೊಂಡು ದಾಟಿಸುವವರು ಯಾರು? ಆಗ ಈ ವರ್ಷಕ್ಕೆ ಹತ್ತಿರದ ಅಂಗನವಾಡಿಯೇ ಸಾಕು, ಹೆಲ್ಪರಿಗೆ ತುಳು ಬರುವುದಾದರೆ. ಶಾಲೆಯಲ್ಲಿ ಕನ್ನಡವಿದ್ದರೆ ಬರುವ ವರ್ಷ ಅಲ್ಲಿಗೆ ಸೇರಿಸಬಹುದು.

ಆ ಮಲಯಾಳ ಟೀಚರ ಮೇಲೆ ಸಿಟ್ಟು ಬೇಡ, ನೇಮಿಸಿದವರು ಬೇರೆ. ನಾಲ್ಕಾರು ತಾಯಂದಿರು ಸೇರಿ ವಾರ್ಡ್ ಮೆಂಬರಿಗೆ, ಐಸಿಡಿಎಸ್ ಕಚೇರಿಗೆ ಅರ್ಜಿ ಕೊಡಿ. ಕನ್ನಡದಲ್ಲೇ ಬರೆಯಿರಿ, ಸಂವಿಧಾನದ 350ನೇ ವಿಧಿಯಲ್ಲಿ ಅದಕ್ಕೆ ಅವಕಾಶವಿದೆ. ಒಂದು ಪ್ರತಿಗೆ ಸೀಲು ಹಾಕಿಸಿಕೊಂಡೇ ಬನ್ನಿ.